ಎಚ್ಚರವಿದೆ, ಅರಿವಿದೆಯೇ?

ತಲೆಗೆ ಬಲವಾದ ಪೆಟ್ಟು ಬಿದ್ದವರು ವರ್ಷಗಟ್ಟಲೆ ಕಣ್ಣು ಮುಚ್ಚಿ ಮಲಗಿರುವುದು ಹೆಚ್ಚಾಗಿ ಸಿನಿಮಾದಲ್ಲಿ. ನಿಜವಾದ ಕೋಮಾ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ರೋಗಿ ತೀರಿಕೊಳ್ಳುತ್ತಾರೆ, ಇಲ್ಲವೇ ಕಣ್ಣು ತೆರೆಯುತ್ತಾರೆ. ಕಣ್ಣು ತೆರೆದ ದಿನ ಐಸಿಯು ಹೊರಗೆ ಚಾಪೆ ಹಾಸಿಕೊಂಡು ಕೂತ ಮನೆಯವರಿಗೆ ಹೋದ ಜೀವ ಬಂದ ಹಾಗಾಗುತ್ತದೆ. ಕಷ್ಟ ಶುರುವಾಗುವುದು ಮಾರನೆಯ ದಿನ. ಕಣ್ಣು ತೆರೆದಿದೆ, ಆದರೆ ಯಾರ ಮೇಲೂ ನೆಡುತ್ತಿಲ್ಲ. ರಾತ್ರಿ ಮುಚ್ಚುತ್ತದೆ, ಬೆಳಗಾದರೆ ತೆರೆಯುತ್ತದೆ. ಆಕಳಿಕೆ ಬರುತ್ತದೆ, ಹಲ್ಲು ಕಡಿಯುವುದು ಕೇಳುತ್ತದೆ, ಒಮ್ಮೊಮ್ಮೆ ಕೆನ್ನೆ ಮೇಲೆ ನೀರೂ ಇಳಿಯುತ್ತದೆ. ಹೆಸರು ಹಿಡಿದು ಕೂಗಿದರೆ ಓಗೊಡುವುದಿಲ್ಲ.

ಈ ಸ್ಥಿತಿಯನ್ನು ಬಿಡಿಸಿ ಹೇಳಲು ಬೇಕಾದ ಎರಡು ಪದಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ: ಎಚ್ಚರ ಮತ್ತು ಅರಿವು. ಎಚ್ಚರ ಅಂದರೆ ನಿದ್ದೆಯಲ್ಲಿಲ್ಲ ಎಂಬುದಷ್ಟೇ. ಅರಿವು ಅಂದರೆ ತಾನಿದ್ದೇನೆ, ಎದುರಿಗೆ ಯಾರೋ ಇದ್ದಾರೆ, ಎಲ್ಲೋ ನೋಯುತ್ತಿದೆ ಎಂಬ ಒಳಗಿನ ತಿಳಿವು. ಆರೋಗ್ಯವಂತರಲ್ಲಿ ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ನಡೆಯುವುದರಿಂದ ಅವು ಬೇರೆಬೇರೆ ಎಂಬುದು ಗೊತ್ತಾಗುವುದೇ ಇಲ್ಲ. ಎಚ್ಚರವನ್ನು ನಡೆಸುವ ನರಜಾಲ ಇರುವುದು ಮಿದುಳಿನ ಬುಡದ ಕಾಂಡದಲ್ಲಿ. ಅರಿವಿಗೆ ಬೇಕಾದದ್ದು ಮೇಲಿನ ಹೊರಪದರ, ಒಳಗೆ ಕೂತು ಸುದ್ದಿ ಸಾಗಿಸುವ ಥಲಾಮಸ್, ಇವನ್ನೆಲ್ಲ ಹೆಣೆದ ಉದ್ದನೆಯ ನರತಂತುಗಳು. ಕಾಂಡ ಗಟ್ಟಿ ಜೀವ. ಹೃದಯ ನಿಂತು ಆಮ್ಲಜನಕ ಸಿಗದೆ ಹೋದಾಗ ಅದಕ್ಕಿಂತ ಮೊದಲು ಹೊರಪದರದ ಕೋಶಗಳು ಸಾಯುತ್ತವೆ. ಬೈಕಿನಿಂದ ಬಿದ್ದವರಲ್ಲಿ, ತಲೆ ಗಿರ್ರನೆ ತಿರುಗಿದ ರಭಸಕ್ಕೆ, ಆ ತಂತುಗಳು ಹರಿಯುತ್ತವೆ. ಹೀಗೆ ಎಚ್ಚರ ಉಳಿದು ಅರಿವು ಹೋಗಬಹುದು. ಅರಿವು ಉಳಿದು, ಅದನ್ನು ಹೊರಗೆ ತೋರಿಸಿಕೊಳ್ಳುವ ದಾರಿ ಮಾತ್ರ ಮುಚ್ಚಿಹೋಗಲೂಬಹುದು. ಮಂಚದ ಪಕ್ಕ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಐಸಿಯು ಮತ್ತು ವೆಂಟಿಲೇಟರ್ ಬರುವ ಮೊದಲು ಇಂಥ ರೋಗಿಗಳು ಹೆಚ್ಚು ದಿನ ಬದುಕುತ್ತಿರಲಿಲ್ಲ, ಹಾಗಾಗಿ ಈ ಸ್ಥಿತಿಗೆ ಎಲ್ಲರೂ ಒಪ್ಪಿದ ಒಂದು ಹೆಸರೂ ಇರಲಿಲ್ಲ. 1972ರಲ್ಲಿ ಗ್ಲಾಸ್ಗೋದ ನರಶಸ್ತ್ರವೈದ್ಯ ಬ್ರಯಾನ್ ಜೆನೆಟ್ ಮತ್ತು ನ್ಯೂಯಾರ್ಕಿನ ನರವೈದ್ಯ ಫ್ರೆಡ್ ಪ್ಲಮ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದಕ್ಕೆ ‘ಪರ್ಸಿಸ್ಟೆಂಟ್ ವೆಜಿಟೇಟಿವ್ ಸ್ಟೇಟ್’ ಎಂದು ಹೆಸರಿಟ್ಟರು. ಗಿಡದ ಹಾಗೆ ಬರೀ ಬೆಳೆಯುವ, ಉಸಿರಾಡುವ ಬಾಳು ಎಂಬ ಅರ್ಥದಲ್ಲಿ. ಜನರ ಬಾಯಲ್ಲಿ ಅದು ‘ತರಕಾರಿ’ ಆಯಿತು. ಕನ್ನಡ ಪತ್ರಿಕೆಗಳು ಆಯ್ದುಕೊಂಡ ‘ಜೀವಚ್ಛವ’ ಅದಕ್ಕಿಂತಲೂ ಕಠಿಣ: ಬದುಕಿರುವವರನ್ನು ಹೆಣ ಎಂದ ಮೇಲೆ ಅವರಿಗೆ ನೋವಿನ ಔಷಧ ಕೊಡಬೇಕೆ ಎಂದು ಯಾರೂ ಕೇಳುವುದಿಲ್ಲ. 2010ರಲ್ಲಿ ಯುರೋಪಿನ ತಜ್ಞರ ಗುಂಪೊಂದು ‘ಸ್ಪಂದನೆಯಿಲ್ಲದ ಎಚ್ಚರ’ ಎಂಬರ್ಥದ ಹೆಸರನ್ನು ಸೂಚಿಸಿತು. ಅದು ಕಂಡದ್ದನ್ನಷ್ಟೇ ಹೇಳುತ್ತದೆ, ಒಳಗಿನದರ ಬಗ್ಗೆ ತೀರ್ಪು ಕೊಡುವುದಿಲ್ಲ.

2002ರಲ್ಲಿ ಅಮೆರಿಕದ ಜೋಸೆಫ್ ಜಿಯಾಸಿನೊ ಮತ್ತು ಸಂಗಡಿಗರು ಇನ್ನೊಂದು ಸ್ಥಿತಿಯನ್ನು ಬೇರ್ಪಡಿಸಿದರು: ಕನಿಷ್ಠ ಅರಿವಿನ ಸ್ಥಿತಿ. ಇಲ್ಲಿ ಅರಿವಿನ ಗುರುತು ಇರುತ್ತದೆ, ಆದರೆ ಇದ್ದೂ ಇಲ್ಲದ ಹಾಗೆ, ಬೆಸ್ಕಾಮ್ ಕರೆಂಟಿನ ಹಾಗೆ ಬಂದು ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ‘ಕೈ ಎತ್ತಿ’ ಅಂದಾಗ ಎತ್ತಿದವರು ಮಧ್ಯಾಹ್ನ ಏನು ಮಾಡಿದರೂ ಅಲುಗುವುದಿಲ್ಲ. ಇವರ ಮುಂದಿನ ದಾರಿ ವೆಜಿಟೇಟಿವ್ ಸ್ಥಿತಿಯವರ ದಾರಿಗಿಂತ ಒಟ್ಟಾರೆ ಉತ್ತಮ. ನೋವನ್ನು ಅನುಭವಿಸುವ ಸಾಧ್ಯತೆಯೂ ಅಷ್ಟೇ ಹೆಚ್ಚು. ಇವೆರಡಕ್ಕಿಂತ ಪೂರ್ತಿ ಬೇರೆಯಾದದ್ದು ‘ಲಾಕ್ಡ್ ಇನ್’. ಅದರಲ್ಲಿ ಅರಿವು ಅಖಂಡವಾಗಿದ್ದು ದೇಹ ಮಾತ್ರ ಬೀಗ ಹಾಕಿದಂತೆ ಇರುತ್ತದೆ. 1995ರಲ್ಲಿ ಪಾರ್ಶ್ವವಾಯು ಹೊಡೆದ ಫ್ರೆಂಚ್ ಪತ್ರಕರ್ತ ಜಾನ್ ಡೊಮಿನಿಕ್ ಬೋಬಿ ಎಡಗಣ್ಣಿನ ರೆಪ್ಪೆ ಬಡಿದು ಒಂದೊಂದೇ ಅಕ್ಷರ ಆರಿಸುತ್ತ ಇಡೀ ಪುಸ್ತಕ ಬರೆಸಿದರು.

ಹೆಸರುಗಳು ಹೀಗೆ ಸ್ಪಷ್ಟವಾದರೂ ರೋಗಿಯನ್ನು ಯಾವ ಹೆಸರಿನಡಿ ಸೇರಿಸಬೇಕು ಎಂಬಲ್ಲಿ ವೈದ್ಯರು ಪದೇಪದೇ ಎಡವಿದ್ದಾರೆ. 1996ರಲ್ಲಿ ಲಂಡನ್ನಿನ ಪುನಶ್ಚೇತನ ಆಸ್ಪತ್ರೆಯೊಂದು ವೆಜಿಟೇಟಿವ್ ಎಂಬ ಹಣೆಪಟ್ಟಿ ಹೊತ್ತು ಬಂದ 40 ರೋಗಿಗಳನ್ನು ಪರೀಕ್ಷಿಸಿದಾಗ 17 ಜನರಿಗೆ ಆ ಹಣೆಪಟ್ಟಿ ತಪ್ಪಾಗಿತ್ತು. ಅವರಲ್ಲಿ ಹಲವರು ಕುರುಡರಾಗಿದ್ದರು ಅಥವಾ ದೃಷ್ಟಿ ತೀರಾ ಮಂದವಾಗಿತ್ತು. ಕಣ್ಣಿನ ಚಲನೆಯನ್ನೇ ನಂಬಿದ ಪರೀಕ್ಷೆಗೆ ಅವರು ಸಿಗುವುದಾದರೂ ಹೇಗೆ? 2009ರಲ್ಲಿ ಬೆಲ್ಜಿಯಂನ ಲಿಯೇಜ್ ತಂಡ ಇದೇ ಕೆಲಸವನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಿತು. ವೈದ್ಯರೆಲ್ಲ ಸೇರಿ ಒಮ್ಮತದಿಂದ ವೆಜಿಟೇಟಿವ್ ಎಂದಿದ್ದ 44 ಜನರಲ್ಲಿ 18 ಮಂದಿಗೆ ಕನಿಷ್ಠ ಅರಿವಿತ್ತು, ಅಂದರೆ ಶೇ 41. ಹದಿಮೂರು ವರ್ಷಗಳಲ್ಲಿ ತಪ್ಪಿನ ಪ್ರಮಾಣ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು.

ಲಿಯೇಜ್ ತಂಡಕ್ಕೆ ತಪ್ಪು ಹಿಡಿದುಕೊಟ್ಟ ಸಾಧನ ದುಬಾರಿ ಯಂತ್ರವೇನಲ್ಲ. ಜಿಯಾಸಿನೊ ತಂಡ 2004ರಲ್ಲಿ ಪರಿಷ್ಕರಿಸಿದ ಕೋಮಾ ಚೇತರಿಕೆ ಮಾಪನ ಅದು. ಆರು ವಿಭಾಗ, ಒಟ್ಟು 23 ಅಂಕ. ಅದರ ಸಾಮಗ್ರಿ ಯಾವ ಮನೆಯಲ್ಲಾದರೂ ಸಿಗುತ್ತದೆ: ಕೈಗನ್ನಡಿ, ಬಾಚಣಿಗೆ, ಲೋಟ, ಚೆಂಡು. ರೋಗಿ ತೂಕಡಿಸುತ್ತಿದ್ದರೆ ಮೊದಲು ಮುಖದಿಂದ ಪಾದದವರೆಗೆ ಸ್ನಾಯುಗಳನ್ನು ಒತ್ತಿ ಎಚ್ಚರಿಸುತ್ತಾರೆ. ಆಮೇಲೆ ಕನ್ನಡಿಯನ್ನು ಮುಖದಿಂದ ಗೇಣಿಗಿಂತಲೂ ಹತ್ತಿರ ಹಿಡಿದು, ನಿಧಾನವಾಗಿ ಬಲಕ್ಕೆ 45 ಡಿಗ್ರಿ, ಎಡಕ್ಕೆ 45 ಡಿಗ್ರಿ, ಮತ್ತೆ ಮೇಲೆ, ಕೆಳಗೆ ಸರಿಸುತ್ತಾರೆ. ನೋಟ ತಪ್ಪದೆ ಎರಡು ಸಲ ಕಣ್ಣು ಕನ್ನಡಿಯ ಹಿಂದೆ ಹೋದರೆ ಅದು ಅರಿವಿನ ಗುರುತು. ಪೆನ್ನನ್ನೋ ಟಾರ್ಚನ್ನೋ ಆಡಿಸಿದಾಗ ಹಿಂಬಾಲಿಸದ ಕಣ್ಣು ಕನ್ನಡಿಯನ್ನು ಹಿಂಬಾಲಿಸುವುದುಂಟು. ಮನುಷ್ಯನಿಗೆ ತನ್ನ ಮುಖದಷ್ಟು ಸೆಳೆತದ ವಸ್ತು ಬೇರೆ ಇಲ್ಲ ಎಂದು ಕಾಣುತ್ತದೆ. ಸಂತೆಯಂಥ ಗದ್ದಲದಲ್ಲೂ ತನ್ನ ಹೆಸರು ಕಿವಿಗೆ ಬೀಳುತ್ತದಲ್ಲ, ಹಾಗೆ.

ಬಳಿಕ ಮಾತಿನ ಪರೀಕ್ಷೆ. ಒಂದೇ ಆಜ್ಞೆ ನಾಲ್ಕು ಸಲ, ಪ್ರತಿ ಸಲವೂ ಹತ್ತು ಸೆಕೆಂಡು ಕಾಯಬೇಕು. ಹತ್ತು ಸೆಕೆಂಡು ಎಷ್ಟು ದೀರ್ಘ ಎಂಬುದು ಬೆಳಗಿನ ರೌಂಡ್ಸಿನಲ್ಲಿ ಮೂವತ್ತು ಮಂಚ ದಾಟಬೇಕಾದ ವೈದ್ಯರಿಗೇ ಗೊತ್ತು. ‘ಕಣ್ಣು ಮುಚ್ಚಿ’ ಎಂದು ಹೇಳಿ ಉತ್ತರಕ್ಕೆ ಕಾಯದೆ ಮುಂದಿನ ಮಂಚಕ್ಕೆ ಹೋಗುವುದು ನಿರ್ಲಕ್ಷ್ಯ ಅನ್ನುವುದಕ್ಕಿಂತ ಹೊತ್ತಿಲ್ಲದ ವ್ಯವಸ್ಥೆಯ ಗುಣ. ಗಾಯಗೊಂಡ ಮಿದುಳಿಗೆ ಮಾತು ಮುಟ್ಟಿ, ಅರ್ಥವಾಗಿ, ಕೈಗೆ ಅಪ್ಪಣೆ ಹೋಗುವಷ್ಟರಲ್ಲಿ ವೈದ್ಯರು ಮೂರನೇ ಮಂಚದ ಹತ್ತಿರ ಇರುತ್ತಾರೆ. ಉತ್ತರ ಬರುತ್ತಿದ್ದರೆ ಹೌದು–ಇಲ್ಲ ಪ್ರಶ್ನೆಗಳು: ‘ನಾನೀಗ ಚಪ್ಪಾಳೆ ತಟ್ಟುತ್ತಿದ್ದೇನಾ?’ ಒಮ್ಮೆ ತಟ್ಟುತ್ತ, ಒಮ್ಮೆ ಸುಮ್ಮನಿದ್ದು ಕೇಳುವುದು. ಇಂಥ ಆರು ಪ್ರಶ್ನೆಗೂ ಸರಿಯಾಗಿ ಉತ್ತರಿಸಿದವರು, ಅಥವಾ ಬಾಚಣಿಗೆ, ಲೋಟಗಳನ್ನು ಅವುಗಳ ಕೆಲಸಕ್ಕೆ ಸರಿಯಾಗಿ ಬಳಸಿದವರು, ಕನಿಷ್ಠ ಅರಿವಿನ ಸ್ಥಿತಿಯನ್ನು ದಾಟಿದರು ಎಂದು ಲೆಕ್ಕ. ಒಂದು ದಿನದ ಪರೀಕ್ಷೆ ಸಾಲದು. ಎರಡು ವಾರದೊಳಗೆ ಐದು ಸಲ ಮಾಡಬೇಕು ಎಂಬುದು ಲಿಯೇಜ್ ತಂಡ 2017ರಲ್ಲಿ ಕಂಡುಕೊಂಡ ಪಾಠ. ಕರ್ನಾಟಕದಂಥ ಕಡೆ ಇದಕ್ಕೆ ಇನ್ನೊಂದು ಷರತ್ತು ಸೇರಿಸಬೇಕು: ಆಜ್ಞೆ ರೋಗಿಯ ಮನೆಮಾತಿನಲ್ಲೇ ಇರಬೇಕು. ತುಳುವಿನಲ್ಲೋ ಲಂಬಾಣಿಯಲ್ಲೋ ಬೆಳೆದವರಿಗೆ ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡದ ಅಪ್ಪಣೆ ಆರೋಗ್ಯವಾಗಿದ್ದಾಗಲೇ ಒಂದು ಕ್ಷಣ ತಡವಾಗಿ ತಲುಪುತ್ತಿತ್ತು.

ಕನ್ನಡಿಗೂ ಮಾತಿಗೂ ಸಿಗದವರು ಉಳಿಯುತ್ತಾರೆ. ಅವರ ಸುದ್ದಿ ಜಗತ್ತಿಗೆ ತಿಳಿದದ್ದು 2006ರಲ್ಲಿ. ರಸ್ತೆ ಅಪಘಾತದಲ್ಲಿ ಗಾಯಗೊಂಡು ವೆಜಿಟೇಟಿವ್ ಸ್ಥಿತಿಯಲ್ಲಿದ್ದ 23 ವರ್ಷದ ಯುವತಿಯನ್ನು ಕೇಂಬ್ರಿಜ್‌ನ ಏಡ್ರಿಯನ್ ಓವನ್ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಊಹಿಸಿಕೊಳ್ಳಲು ಹೇಳಿದರು. ಬಳಿಕ ಸ್ವಂತ ಮನೆಯ ಕೋಣೆ ಕೋಣೆ ಸುತ್ತುವಂತೆ ಊಹಿಸಲು ಹೇಳಿದರು. ಮೊದಲನೆಯದಕ್ಕೆ ಚಲನೆಯನ್ನು ಯೋಜಿಸುವ ಭಾಗ, ಎರಡನೆಯದಕ್ಕೆ ಜಾಗಗಳನ್ನು ನೆನಪಿಡುವ ಭಾಗ ಚುರುಕಾದವು, ಥೇಟ್ ಆರೋಗ್ಯವಂತರಲ್ಲಿ ಆಗುವಂತೆ. ದೇಹ ಒಂದು ಬೆರಳೂ ಅಲ್ಲಾಡಿಸದೆ ಇದ್ದಾಗ ಆಕೆ ಹೇಳಿದ್ದನ್ನು ಕೇಳಿಸಿಕೊಂಡು, ಮನಸ್ಸು ಮಾಡಿ, ಮಾಡಿದ್ದಳು. 2010ರಲ್ಲಿ ಕೇಂಬ್ರಿಜ್ ಮತ್ತು ಲಿಯೇಜ್ ತಂಡಗಳು 54 ರೋಗಿಗಳನ್ನು ಹೀಗೆ ಪರೀಕ್ಷಿಸಿದಾಗ ಐವರು ಮಿದುಳಿನ ಚಟುವಟಿಕೆಯನ್ನು ಬೇಕೆಂದಾಗ ಬದಲಿಸಿದರು. ಅವರಲ್ಲೊಬ್ಬ ‘ಹೌದು’ ಎನ್ನಲು ಟೆನಿಸ್, ‘ಇಲ್ಲ’ ಎನ್ನಲು ಮನೆ ಎಂಬ ಒಪ್ಪಂದದಲ್ಲಿ ತಂದೆಯ ಹೆಸರು ಮೊದಲಾದ ಆರು ಪ್ರಶ್ನೆಗಳ ಪೈಕಿ ಐದಕ್ಕೆ ಸರಿಯುತ್ತರ ಕೊಟ್ಟ. ಆರನೆಯದಕ್ಕೆ ಮಿದುಳಿನಲ್ಲಿ ಏನೂ ಮೂಡಲಿಲ್ಲ. ನಿದ್ದೆ ಬಂತೋ, ಸಾಕಾಯಿತೋ, ಉತ್ತರಿಸಲು ಇಷ್ಟವಿರಲಿಲ್ಲವೋ.

ಎಂಆರ್‌ಐ ಎಲ್ಲರಿಗೂ ಆಗುವುದಲ್ಲ. ಮೈಯೊಳಗೆ ಲೋಹವಿದ್ದವರು, ಕೈಕಾಲು ತಾನಾಗಿ ಅದುರುವವರು ಅಲ್ಲಿಗೆ ಹೋಗಲಾರರು. ಹಾಗಾಗಿ ಗಮನ ಮಂಚದ ಪಕ್ಕಕ್ಕೇ ತರಬಹುದಾದ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಕಡೆ ತಿರುಗಿತು. 2019ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಯಾನ್ ಕ್ಲಾಸೆನ್ ತಂಡ ಐಸಿಯುನಲ್ಲೇ, ಪೆಟ್ಟು ಬಿದ್ದ ಮೊದಲ ದಿನಗಳಲ್ಲೇ, 104 ರೋಗಿಗಳಿಗೆ ‘ಬಲಗೈ ಮುಚ್ಚಿ ತೆರೆಯುತ್ತಾ ಇರಿ’ ಎಂದು ಹೇಳಿ ಮಿದುಳಿನ ಅಲೆಗಳನ್ನು ಕಂಪ್ಯೂಟರಿಗೆ ಊಡಿಸಿತು. ಕೈ ಯಾರದ್ದೂ ಅಲುಗಲಿಲ್ಲ. ಆದರೆ 16 ಜನರ ಮಿದುಳು ಅಪ್ಪಣೆ ಪಾಲಿಸುತ್ತಿತ್ತು. ಒಂದು ವರ್ಷದ ಬಳಿಕ ನೋಡಿದರೆ, ಹಗಲಿನಲ್ಲಿ ಎಂಟು ಗಂಟೆ ತಮ್ಮ ಪಾಡಿಗೆ ತಾವು ಇರಬಲ್ಲ ಮಟ್ಟಿಗೆ ಸುಧಾರಿಸಿದವರು ಈ ಗುಂಪಿನಲ್ಲಿ ಶೇ 44, ಉಳಿದವರಲ್ಲಿ ಶೇ 14. 2024ರಲ್ಲಿ ಆರು ಕೇಂದ್ರಗಳ ದೊಡ್ಡ ಅಧ್ಯಯನ ಬಂತು. ಹೊರಗೆ ಯಾವ ಆಜ್ಞೆಗೂ ಸ್ಪಂದಿಸದ 241 ರೋಗಿಗಳಲ್ಲಿ 60 ಮಂದಿಯಲ್ಲಿ, ಅಂದರೆ ನಾಲ್ವರಲ್ಲಿ ಒಬ್ಬರಲ್ಲಿ, ಮರೆಯಲ್ಲಿ ಅಡಗಿದ ಅರಿವು ಪತ್ತೆಯಾಯಿತು.

ಪತ್ರಿಕೆಗಳ ತಲೆಬರಹಕ್ಕೆ ಸಿಗದ ಇನ್ನೊಂದು ಅಂಕಿ ಅದೇ ಅಧ್ಯಯನದಲ್ಲಿದೆ. ಕಣ್ಣಿಗೆ ಕಾಣುವಂತೆಯೇ ಆಜ್ಞೆ ಪಾಲಿಸುತ್ತಿದ್ದ 112 ಜನರನ್ನೂ ಯಂತ್ರದಡಿ ಪರೀಕ್ಷಿಸಲಾಗಿತ್ತು. ಅವರಲ್ಲಿ ಯಂತ್ರ ಹಿಡಿದದ್ದು 43 ಮಂದಿಯನ್ನು ಮಾತ್ರ. ಅರಿವಿರುವುದು ಖಚಿತವಾದವರಲ್ಲೇ ಅರ್ಧಕ್ಕಿಂತ ಹೆಚ್ಚು ಜನರನ್ನು ಈ ಪರೀಕ್ಷೆ ಕಾಣದೆ ಹೋಯಿತು. ಟೆನಿಸ್ ಆಟವನ್ನು ಅರ್ಧ ನಿಮಿಷ ಬಿಡದೆ ಊಹಿಸಲು ಗಮನ ಬೇಕು, ನೆನಪು ಬೇಕು, ಭಾಷೆ ಬೇಕು, ಮನಸ್ಸೂ ಬೇಕು. ಹಾಗಾಗಿ ಯಂತ್ರ ‘ಇದೆ’ ಎಂದರೆ ನಂಬಬಹುದು, ‘ಇಲ್ಲ’ ಎಂದರೆ ಅದು ಉತ್ತರವೇ ಅಲ್ಲ. ‘ಇದೆ’ ಎಂಬುದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ: 2011ರಲ್ಲಿ 16 ರೋಗಿಗಳಲ್ಲಿ ಮೂವರಿಗೆ ಅರಿವಿದೆ ಎಂದು ಇಇಜಿ ಆಧಾರದ ಮೇಲೆ ಪ್ರಕಟವಾದ ವರದಿಯ ದತ್ತಾಂಶವನ್ನು ಇನ್ನೊಂದು ತಂಡ ಬೇರೆ ವಿಧಾನದಿಂದ ಲೆಕ್ಕ ಹಾಕಿದಾಗ ಆ ತೀರ್ಮಾನ ನಿಲ್ಲಲಿಲ್ಲ. ರೋಗಿಯ ಸಹಕಾರವನ್ನೇ ಬೇಡದ ದಾರಿಯೊಂದನ್ನು ಇಟಲಿಯ ಮಾರ್ಚೆಲ್ಲೊ ಮಸ್ಸಿಮಿನಿ ತಂಡ 2013ರಲ್ಲಿ ತೋರಿಸಿತು. ತಲೆಯ ಹೊರಗಿನಿಂದ ಒಂದು ಕಾಂತೀಯ ಏಟು ಕೊಟ್ಟು, ಮಿದುಳಿನಲ್ಲಿ ಅದರ ಮಾರ್ದನಿ ಎಷ್ಟು ಜಟಿಲವಾಗಿ ಹರಡುತ್ತದೆ ಎಂದು ಅಳೆಯುವುದು. ಖಾಲಿ ಡಬ್ಬ ಬಡಿದರೆ ಒಂದೇ ಸದ್ದು. ಕಾಳು ತುಂಬಿದ್ದನ್ನು ಬಡಿದರೆ ಬೇರೆ. ಅರಿವು ಅಂದರೇನು ಎಂಬ ಬಗ್ಗೆ ಸಿದ್ಧಾಂತಿಗಳು ಇನ್ನೂ ಕಿತ್ತಾಡುತ್ತಲೇ ಇದ್ದಾರೆ. ಅವರ ಜಗಳ ಬಗೆಹರಿಯುವವರೆಗೆ ಕಾಯುವ ಅನುಕೂಲ ಮಂಚದ ಮೇಲಿರುವವರಿಗಿಲ್ಲ.

ಗುರುತಿಸಿ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರ ಮೊದಲಿನಷ್ಟು ಬರಿದಾಗಿಲ್ಲ. ಅಮಾಂಟಡಿನ್ ಎಂಬ ಹಳೆಯ ಅಗ್ಗದ ಮಾತ್ರೆ ತಲೆಗೆ ಪೆಟ್ಟು ಬಿದ್ದವರ ಚೇತರಿಕೆಯನ್ನು ಚುರುಕುಗೊಳಿಸುತ್ತದೆ ಎಂದು 184 ರೋಗಿಗಳ ಪ್ರಯೋಗ 2012ರಲ್ಲಿ ತೋರಿಸಿತು. ನಿದ್ದೆ ಮಾತ್ರೆ ಜೋಲ್ಪಿಡೆಮ್ ಕೆಲವರನ್ನು ಎಬ್ಬಿಸುತ್ತದೆ ಎಂಬ ವಿಚಿತ್ರವೂ ನಿಜ, ಆದರೆ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಮಾತ್ರ. ಆರು ವರ್ಷ ಕನಿಷ್ಠ ಅರಿವಿನಲ್ಲಿದ್ದ 38 ವರ್ಷದ ವ್ಯಕ್ತಿಯೊಬ್ಬರ ಥಲಾಮಸ್‌ಗೆ ನಿಕೊಲಸ್ ಶಿಫ್ ತಂಡ ವಿದ್ಯುದ್ವಾರ ಅಳವಡಿಸಿದ ಬಳಿಕ ಅವರು ಬಾಯಿಂದ ಊಟ ಮಾಡುವಂತಾದರು, ಅರ್ಥವಾಗುವ ಮಾತು ಆಡಿದರು. ಆ ವರದಿ ಬಂದದ್ದು 2007ರಲ್ಲಿ. ಅದಕ್ಕೂ ಮುಂಚೆ, 2003ರಲ್ಲಿ, ಅಮೆರಿಕದ ಅರ್ಕನ್ಸಾದ ಟೆರಿ ವಾಲಿಸ್ 19 ವರ್ಷಗಳ ಮೌನದ ನಂತರ ‘ಅಮ್ಮಾ’ ಎಂದಿದ್ದರು. ಅವರ ಮಿದುಳಿನ ಚಿತ್ರಗಳು ನರತಂತುಗಳು ನಿಧಾನವಾಗಿ ಮತ್ತೆ ಬೆಳೆದಿರುವ ಸೂಚನೆ ಕೊಟ್ಟವು. ಇಂಥವು ಅಪರೂಪ. ಆದರೂ ‘ಶಾಶ್ವತ’ ಎಂಬ ಪದವನ್ನು ಅವು ಅಲುಗಾಡಿಸಿದವು. ಪೆಟ್ಟು ಬಿದ್ದು 12 ತಿಂಗಳು, ಬೇರೆ ಕಾರಣವಾದರೆ ಮೂರು ತಿಂಗಳು ದಾಟಿದರೆ ವೆಜಿಟೇಟಿವ್ ಸ್ಥಿತಿ ಶಾಶ್ವತ ಎಂಬ 1994ರ ನಿಯಮವನ್ನು ಅಮೆರಿಕದ ನರವೈದ್ಯರ ಅಕಾಡೆಮಿ 2018ರಲ್ಲಿ ಕೈಬಿಟ್ಟು, ‘ದೀರ್ಘಕಾಲದ’ ಎಂದಷ್ಟೇ ಕರೆಯಬೇಕು ಎಂದಿತು.

ಈ ಅರಿವಿನ ವಿಜ್ಞಾನ ಆರೈಕೆಗೆ ಬಂದು ಮುಟ್ಟುವುದು ಎಲ್ಲಿ? ಮೊದಲನೆಯದು ನೋವು. ಹಾಸಿಗೆ ಹುಣ್ಣು ತೊಳೆಯುವಾಗ, ಸೆಟೆದ ಮೊಣಕೈ ಬಿಡಿಸುವಾಗ, ಗಂಟಲಿನ ತೂತಿನಿಂದ ಕಫ ಎಳೆಯುವಾಗ ರೋಗಿಗೆ ಏನೂ ಗೊತ್ತಾಗುವುದಿಲ್ಲ ಎಂದು ನಡೆದುಕೊಳ್ಳಲು ಈಗ ಆಧಾರ ಉಳಿದಿಲ್ಲ. ನಾಲ್ವರಲ್ಲಿ ಒಬ್ಬರಿಗೆ ಗೊತ್ತಾಗುತ್ತಿರಬಹುದು, ಆ ಒಬ್ಬರು ಯಾರೆಂದು ಗೊತ್ತಿಲ್ಲ ಎಂದಾದಾಗ ನಾಲ್ವರಿಗೂ ನೋವಿನ ಔಷಧ ಕೊಡುವುದೇ ಸರಿಯಾದ ಲೆಕ್ಕ. ಮಂಚದ ಪಕ್ಕ ನಿಂತು ‘ಇನ್ನೇನಿಲ್ಲ ಬಿಡಿ, ನೀವು ಗಟ್ಟಿ ಮನಸ್ಸು ಮಾಡಿ’ ಎನ್ನುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಆ ಮಾತನ್ನು ವರಾಂಡದಲ್ಲಿ ಆಡಬಹುದು.

ಎರಡನೆಯದು ಅವಸರ. ಕೆನಡಾದ ಆರು ಕೇಂದ್ರಗಳಲ್ಲಿ ತಲೆಗೆ ತೀವ್ರ ಪೆಟ್ಟಾದ 720 ಜನರ ದಾಖಲೆ ನೋಡಿದ 2011ರ ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ಸತ್ತವರ ಪೈಕಿ ಶೇ 70ರಷ್ಟು ಮಂದಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಿದ ಮೇಲೆ ಸತ್ತಿದ್ದರು, ಅವರಲ್ಲಿ ಅರ್ಧದಷ್ಟು ಮೊದಲ ಮೂರು ದಿನದೊಳಗೆ. ಬದುಕುವುದಿಲ್ಲ ಎಂದು ಚಿಕಿತ್ಸೆ ನಿಲ್ಲಿಸುವುದು, ನಿಲ್ಲಿಸಿದ್ದಕ್ಕೆ ರೋಗಿ ಸಾಯುವುದು, ಸತ್ತದ್ದರಿಂದ ಅಂದಾಜು ಸರಿಯಾಗಿತ್ತು ಎಂದು ದಾಖಲಾಗುವುದು: ಈ ಗಾಣದೆತ್ತಿನ ಸುತ್ತನ್ನು ನರವೈದ್ಯರೇ ಈಗ ಎತ್ತಿ ತೋರಿಸುತ್ತಿದ್ದಾರೆ. ನ್ಯೂಯಾರ್ಕಿನ ವೈದ್ಯ ಮತ್ತು ನೀತಿಚಿಂತಕ ಜೋಸೆಫ್ ಫಿನ್ಸ್ 2015ರಲ್ಲಿ ಪ್ರಕಟಿಸಿದ ‘ರೈಟ್ಸ್ ಕಮ್ ಟು ಮೈಂಡ್’ ಪುಸ್ತಕದಲ್ಲಿ ಇದನ್ನು ನಾಗರಿಕ ಹಕ್ಕಿನ ಪ್ರಶ್ನೆಯಾಗಿ ನೋಡುತ್ತಾರೆ. ಸಾಯುವ ಹಕ್ಕಿಗಾಗಿ ಹೋರಾಡಿದ ಸಮಾಜ, ಮರಳಿ ಬರಲು ಯತ್ನಿಸುತ್ತಿರುವವರ ಹಕ್ಕನ್ನು ಮರೆತಿದೆ ಎಂಬುದು ಅವರ ವಾದದ ತಿರುಳು.

ಆಸೆಗೂ ಅವಸರವಿದೆ. ವೆಜಿಟೇಟಿವ್ ಸ್ಥಿತಿಯಲ್ಲಿದ್ದಾರೆ ಎಂದು ವೈದ್ಯರು ಹೇಳಿದ್ದ ಅಮೆರಿಕದ ಫ್ಲಾರಿಡಾದ ಟೆರ್ರಿ ಶೈವೊ ಬಲೂನನ್ನು ಕಣ್ಣಿಂದ ಹಿಂಬಾಲಿಸುತ್ತಿರುವಂತೆ ತೋರುವ ವಿಡಿಯೊ ಇಡೀ ದೇಶವನ್ನು ಎರಡು ಪಾಲು ಮಾಡಿತು. 2005ರಲ್ಲಿ ಮರಣೋತ್ತರ ಪರೀಕ್ಷೆ ನಡೆದಾಗ ಅವರ ಮಿದುಳಿನ ತೂಕ 615 ಗ್ರಾಂ ಇತ್ತು, ಇರಬೇಕಾದ್ದರ ಅರ್ಧದಷ್ಟು. ನೋಟದ ಭಾಗ ನಾಶವಾಗಿತ್ತು. ಅವರಿಗೆ ಬಲೂನು ಕಂಡೇ ಇರಲಿಲ್ಲ. ಅಂಗೈಗೆ ಬೆರಳಿಟ್ಟರೆ ಮುಚ್ಚಿಕೊಳ್ಳುವುದು, ಮುಖ ಹಿಂಡುವುದು, ಕಣ್ಣೀರು, ಇವು ಅರಿವಿಲ್ಲದೆಯೂ ಆಗುತ್ತವೆ. ತಾಯಿಗೆ ಅದನ್ನು ಹೇಳುವುದು ಕಷ್ಟ. ಹೇಳದಿರುವುದು ಇನ್ನೂ ಅನ್ಯಾಯ.

ಅರಿವಿದೆ ಎಂದು ಗೊತ್ತಾದೊಡನೆ ಬದುಕಿಸಿಯೇ ಇಡಬೇಕು ಎಂದಾಗುತ್ತದೆಯೇ? ಹಾಗೇನೂ ಇಲ್ಲ. ಕತ್ತಲಲ್ಲಿ ಒಬ್ಬರೇ ಇರುವುದು ಏನೂ ಇಲ್ಲದಿರುವುದಕ್ಕಿಂತ ಘೋರ ಎಂದು ವಾದಿಸುವವರಿದ್ದಾರೆ. ಆದರೆ ಹೊರಗಿನವರ ಊಹೆಯೂ ಎಡವುತ್ತದೆ: ‘ಲಾಕ್ಡ್ ಇನ್’ ಸ್ಥಿತಿಯ 65 ಮಂದಿಯನ್ನು ಕೇಳಿದ 2011ರ ಸಮೀಕ್ಷೆಯಲ್ಲಿ 47 ಜನ ತಾವು ಸಂತೋಷವಾಗಿದ್ದೇವೆ ಎಂದರು. ಹಾಗಾದರೆ ರೋಗಿಯನ್ನೇ ಯಂತ್ರದ ಮೂಲಕ ‘ಬದುಕಬೇಕೆ?’ ಎಂದು ಕೇಳಬಾರದೇಕೆ? ಒಂದು ಹೌದು, ಒಂದು ಇಲ್ಲ ತೀರ್ಮಾನವಾಗಲಾರದು. ಪ್ರಶ್ನೆ ಅರ್ಥವಾಗಿದೆಯೇ, ತನ್ನ ಸ್ಥಿತಿ ಗೊತ್ತಿದೆಯೇ, ನಾಳೆಯೂ ಇದೇ ಉತ್ತರವೇ ಎಂದು ತಿಳಿಯಲು ಮರುಪ್ರಶ್ನೆ ಬೇಕು, ಆ ಸಂಭಾಷಣೆಗೆ ಇನ್ನೂ ಸಾಧನವಿಲ್ಲ. ‘ನೋವಿದೆಯೇ?’, ‘ರೇಡಿಯೊ ಹಾಕಲೇ?’ ಎಂಬಂಥವನ್ನು ಕೇಳಬಹುದು, ಕೇಳಲೂಬೇಕು.

ಭಾರತದಲ್ಲಿ ಈ ಪ್ರಶ್ನೆಗಳೆಲ್ಲ ಬಹುಕಾಲ ಒಂದೇ ಹೆಸರಿನ ಸುತ್ತ ಸೇರಿಕೊಂಡಿದ್ದವು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿನ ನೌಕರನೇ ಹಲ್ಲೆ ಮಾಡಿ, ನಾಯಿ ಸರಪಳಿಯಿಂದ ಕತ್ತು ಬಿಗಿದ. ಮಿದುಳಿಗೆ ಆಮ್ಲಜನಕ ನಿಂತಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅವರು ಅದೇ ಆಸ್ಪತ್ರೆಯಲ್ಲಿದ್ದರು. ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಅಷ್ಟು ವರ್ಷದಲ್ಲಿ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ ಎಂಬ ಮಾತು ನ್ಯಾಯಾಲಯದಲ್ಲೂ ದಾಖಲಾಯಿತು. ವಾರಗಟ್ಟಲೆ ಮಲಗಿದವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಆ ಒಂದು ವಾಕ್ಯದ ಹಿಂದೆ ಎಷ್ಟು ದುಡಿಮೆ ಇದೆ ಎಂಬುದು ತಿಳಿಯುತ್ತದೆ.

ಆಹಾರ ನಿಲ್ಲಿಸಿ ಅವರಿಗೆ ಬಿಡುಗಡೆ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಆದರೆ ನಿಷ್ಕ್ರಿಯ ದಯಾಮರಣಕ್ಕೆ ತಾತ್ವಿಕವಾಗಿ ಬಾಗಿಲು ತೆರೆಯಿತು. ಆ ತೀರ್ಪಿನಲ್ಲಿ ಅರಿವಿನ ಪ್ರಶ್ನೆ ಒಡೆದ ಕನ್ನಡಿಯ ಎರಡು ಚೂರುಗಳ ಹಾಗೆ ಬಿದ್ದಿದೆ. ಆಸ್ಪತ್ರೆಯ ಪ್ರಮಾಣಪತ್ರದ ಪ್ರಕಾರ ಅರುಣಾ ಮುಖಭಾವದಿಂದ ಸ್ಪಂದಿಸುತ್ತಿದ್ದರು, ಹೇಳಿದ ಮಾತಿಗೆ ಆಗಾಗ ಸದ್ದು ಮಾಡಿ ಉತ್ತರಿಸುತ್ತಿದ್ದರು, ಮಲಮೂತ್ರಕ್ಕೆ ಬಂದಾಗ ಮಾಡುವ ಸದ್ದನ್ನು ನರ್ಸುಗಳು ಗುರುತಿಸುತ್ತಿದ್ದರು. ನ್ಯಾಯಾಲಯ ನೇಮಿಸಿದ ಮೂವರು ವೈದ್ಯರ ಸಮಿತಿಯ ಪ್ರಕಾರ ಶಾಶ್ವತ ವೆಜಿಟೇಟಿವ್ ಸ್ಥಿತಿಯ ಬಹುತೇಕ ಲಕ್ಷಣಗಳು ಅವರಲ್ಲಿದ್ದವು. ಆಜ್ಞೆಗೆ ಆಗಾಗ ಸ್ಪಂದಿಸುವುದು ಎಂಬುದು 2002ರ ವ್ಯಾಖ್ಯೆಯಲ್ಲಿ ಕನಿಷ್ಠ ಅರಿವಿನ ಗುರುತೇ. ನರ್ಸುಗಳು ಪ್ರೀತಿಯಿಂದ ಇಲ್ಲದ್ದನ್ನು ಕಂಡಿರಬಹುದು, ಅಥವಾ ದಿನಕ್ಕೆ 24 ಗಂಟೆ ಜೊತೆಗಿದ್ದವರಿಗೆ ಮಾತ್ರ ಕಾಣುವುದನ್ನು ಕಂಡಿರಬಹುದು. ಬಂದು ಹೋಗುವ ಅರಿವು ಒಂದೇ ಸಲದ ಪರೀಕ್ಷೆಗೆ ಸಿಗದೆ ಹೋಗಬಹುದು ಎಂಬುದಂತೂ ಮೇಲೆ ಹೇಳಿದ ಐದು ಪರೀಕ್ಷೆಗಳ ಪಾಠ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವ ಹಕ್ಕನ್ನೂ ಮುಂಚಿತವಾಗಿ ಬರೆದಿಡುವ ವೈದ್ಯಕೀಯ ಉಯಿಲನ್ನೂ ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ವಿಧಾನ ಸರಳವಾಯಿತು: ಚಿಕಿತ್ಸೆ ಕೊಡುವ ವೈದ್ಯರೂ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ, ಅದರ ಮೇಲೊಂದು ಎರಡನೆಯ ಮಂಡಳಿ, ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ನಿಜವಾಗಿಯೂ ಕೊನೆಯ ಹಂತದಲ್ಲಿರುವವರಿಗೆ ಇದು ದೊಡ್ಡ ಬಿಡುಗಡೆ. ಮಿದುಳಿಗೆ ಪೆಟ್ಟಾದವರ ವಿಷಯದಲ್ಲಿ ಮಾತ್ರ 48 ಗಂಟೆಯ ಗಡಿಯಾರ ಮತ್ತು ಎರಡು ವಾರದಲ್ಲಿ ಐದು ಪರೀಕ್ಷೆ ಎಂಬ ಪಾಠ ಒಂದಕ್ಕೊಂದು ಹೊಂದುವುದಿಲ್ಲ. ಪರೀಕ್ಷೆಗಳು ಮುಗಿದು ಕಡತದಲ್ಲಿ ಸೇರಿದ ಮೇಲೆಯೇ ಮಂಡಳಿ ಕೂಡುವಂತಾದರೆ ತೊಡಕು ಬಿಡಿಸಬಹುದು.

ಮಂಡಳಿಯವರೆಗೆ ಹೋಗುವ ಪ್ರಕರಣ ಬೆರಳೆಣಿಕೆಯದು. ಉಳಿದೆಡೆ ತೀರ್ಮಾನಿಸುವುದು ದುಡ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಕೊಡಿಸುತ್ತದೆ. ಆಮೇಲಿನ ತಿಂಗಳುಗಳು ನಡೆಯುವುದು ಮನೆಯ ನಡುಕೋಣೆಯಲ್ಲಿ: ಏರ್ ಬೆಡ್ಡು, ಬಾಡಿಗೆಯ ಸಕ್ಷನ್ ಯಂತ್ರ, ಮೂಗಿನ ಪೈಪಿಗೆ ಬಟ್ಟೆಯಲ್ಲಿ ಸೋಸಿದ ರಾಗಿ ಗಂಜಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೆಂಡತಿ ಇಲ್ಲವೇ ತಾಯಿ ಇಟ್ಟುಕೊಳ್ಳುವ ಮೊಬೈಲ್ ಅಲಾರಾಂ. ಆಸ್ಪತ್ರೆಯಿಂದ ಬಂದ ಡಿಸ್ಚಾರ್ಜ್ ಸಮರಿಯಲ್ಲಿ ರೋಗಿಯ ಅರಿವಿನ ಬಗ್ಗೆ ಇರುವುದು ಒಂದೇ ಸಾಲು: ‘ಇ4 ವಿಟಿ ಎಂ3’. ಇದು ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ರೂಪಿಸಿದ ಗ್ಲಾಸ್ಗೋ ಕೋಮಾ ಮಾಪನ. ಕಣ್ಣು ತಾನಾಗಿ ತೆರೆದಿದೆ, ಗಂಟಲಿಗೆ ಪೈಪಿರುವುದರಿಂದ ಮಾತು ಪರೀಕ್ಷಿಸಿಲ್ಲ, ನೋವಿಗೆ ಕೈ ಮಡಚುತ್ತದೆ ಎಂದರ್ಥ. ಅಪಘಾತದ ರಾತ್ರಿ ಜೀವ ಉಳಿಸಲು ಇಷ್ಟು ಸಾಕು. ಆದರೆ ಕಣ್ಣು ಏನನ್ನಾದರೂ ಹಿಂಬಾಲಿಸುತ್ತದೆಯೇ ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಕನ್ನಡಿಯನ್ನು ಹಿಂಬಾಲಿಸುವವರಿಗೂ ಗೋಡೆ ನೋಡುವವರಿಗೂ ಅದೇ ‘ಇ4’.

ಬೆಂಗಳೂರಿನ ನಿಮ್ಹಾನ್ಸ್‌ನಂತೆ ನರಪುನಶ್ಚೇತನ ವಿಭಾಗವಿರುವ ಸಂಸ್ಥೆಗಳು ಕಡಿಮೆ, ಬೀದರಿನಿಂದಲೋ ಕಾರವಾರದಿಂದಲೋ ಮಲಗಿದವರನ್ನು ಅಲ್ಲಿಗೆ ತರಲು ಆಂಬುಲೆನ್ಸೇ ಬೇಕು. ಕನ್ನಡಿ ಪರೀಕ್ಷೆಯನ್ನು ಜಿಲ್ಲಾಸ್ಪತ್ರೆಯ ಫಿಸಿಯೊಥೆರಪಿಸ್ಟರಿಗೆ ಕಲಿಸಬಹುದು. ಅದಕ್ಕೆ ಬೇಕಾದದ್ದು ತರಬೇತಿ ಮತ್ತು ಅರ್ಧ ಗಂಟೆಯ ಬಿಡುವು. ಮನೆಯವರು ಮಾಡಬಹುದಾದದ್ದೂ ಒಂದಿದೆ. ಏನೋ ಕಂಡಿತು ಎಂದಾಗ ಯಾವ ಹೊತ್ತು, ಯಾರು ಏನು ಹೇಳಿದರು, ಎಷ್ಟು ಸೆಕೆಂಡಿಗೆ ಏನಾಯಿತು, ಹೇಳದಿದ್ದಾಗಲೂ ಹಾಗೇ ಆಗುತ್ತದೆಯೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮೊಬೈಲಿನಲ್ಲಿ ವಿಡಿಯೊ ಹಿಡಿದಿಡುವುದು. ಮೂರು ತಿಂಗಳಿಗೊಮ್ಮೆ ಒಪಿಡಿಗೆ ಹೋದಾಗ ಸಿಗುವ ಹತ್ತು ನಿಮಿಷದಲ್ಲಿ ರೋಗಿ ನಿದ್ದೆಯಲ್ಲೇ ಇರಬಹುದು. ನೋಟ್‌ಬುಕ್ಕಿನಲ್ಲಿ ಸ್ನಾನ ಮಾಡಿಸಿದ ಮೇಲೆ, ಬೆಳಿಗ್ಗೆ ಹತ್ತೂವರೆಗೆ, ಮಗಳ ಧ್ವನಿಗೆ ಎಂದು ನಾಲ್ಕು ಸಲ ಬರೆದಿದ್ದರೆ, ಕನ್ನಡಿ ಯಾವಾಗ ಹಿಡಿಯಬೇಕು, ಯಾರಿಂದ ಮಾತಾಡಿಸಬೇಕು ಎಂಬುದು ವೈದ್ಯರಿಗೆ ತಿಳಿಯುತ್ತದೆ.